ಕಣ್ಣಿಗೆ ಹಚ್ಚದ ಅರಿಷಿಣ

ಪಗಾರವಿಲ್ಲದ ಕೆಲಸ ಮಾಡುವವರಿಗೆ ಸೊಕ್ಕು ಜಾಸ್ತಿ. ಇದನ್ನು ಬೇರೆ ಯಾರನ್ನೋ ನೋಡಿ ಹೇಳುತ್ತಿಲ್ಲ, ನನ್ನನ್ನೇ ನೋಡಿಕೊಂಡು ಹೇಳುತ್ತಿದ್ದೇನೆ. ಪಗಾರ ಕೊಡುವವರಾದರೆ ತಪ್ಪು ಮಾಡಿದಾಗ ಬೈಯುತ್ತಾರೆ, ಹೆಚ್ಚಾದರೆ ಕೆಲಸದಿಂದ ತೆಗೆಯುತ್ತಾರೆ. ಪುಕ್ಕಟೆ ಮಾಡುವವಳನ್ನು ಯಾರು ಬೈಯಬೇಕು? ಚಹಾ ಕೊಟ್ಟು, ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸುತ್ತಾರೆ. ಮೂವತ್ತು ವರ್ಷ ಹೀಗೆ ಉಡಿ ತುಂಬಿಸಿಕೊಂಡವಳ ತಲೆ ನೆಟ್ಟಗಿರುವುದು ಕಷ್ಟ.

ನನ್ನ ಪುಕ್ಕಟೆ ಕೆಲಸವೆಂದರೆ ಹಸುಗೂಸುಗಳಿಗೆ ಎರೆಯುವುದು. ನಮ್ಮದು ಮುಶಿಗೇರಿ, ಗಜೇಂದ್ರಗಡದ ಕಡೆಯ ಊರು. ನಾನು ಕಲಿತದ್ದು ಮೂರನೆಯ ಇಯತ್ತೆ, ಅದೂ ಪೂರ್ತಿಯಲ್ಲ. ಆದರೆ ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲು ನನಗೆ ಹೇಳಿಕಳಿಸುತ್ತಾರೆ. ಮಣೆಯ ಮೇಲೆ ಕೂತು ಕಾಲು ಚಾಚಿ, ಕೂಸನ್ನು ಎರಡು ಕಾಲಿನ ನಡುವಿನ ಹಳ್ಳದಲ್ಲಿ ಮಲಗಿಸಿಕೊಳ್ಳುತ್ತೇನೆ. ಮೊದಲು ಎಣ್ಣೆ. ಆಮೇಲೆ ಕಡಲೆಹಿಟ್ಟು, ಹಾಲಿನ ಕೆನೆ, ಅರಿಷಿಣ ಕಲಸಿ ಮೈಯೆಲ್ಲ ತಿಕ್ಕುವುದು. ಆಮೇಲೆ ನೀರು, ನಾನು ತಾಳುವಷ್ಟು ಬಿಸಿಯದು. ಕೂಸು ಎಷ್ಟು ಬಿಸಿ ತಾಳುತ್ತದೆ ಎಂದು ಕೇಳಿದವಳಲ್ಲ, ಅದು ಹೇಳಿದ್ದೂ ಇಲ್ಲ. ತಲೆ ಗುಂಡಗೆ ಮಾಡಲು ಅಂಗೈಯಿಂದ ಒತ್ತುತ್ತೇನೆ, ಮೂಗು ನೆಟ್ಟಗಾಗಲಿ ಎಂದು ಎಳೆಯುತ್ತೇನೆ. ಊರಿನ ಮೂಗುಗಳನ್ನು ಈಗ ನೋಡಿದರೆ ನನ್ನ ಎಳೆತದಿಂದ ಅಂಥ ಉಪಯೋಗವಾದಂತೆ ಕಾಣುವುದಿಲ್ಲ. ಪಂಚಾಯ್ತಿಯ ಮೆಂಬರು ಓಟು ಕೇಳಲು ಬಂದು ಕೈ ಮುಗಿದು ನಿಂತರೆ ನನಗೆ ಅವನ ಬೆನ್ನ ಕೆಳಗಿನ ಮಚ್ಚೆ ನೆನಪಾಗುತ್ತದೆ. ಹೀಗಾಗಿ ದೊಡ್ಡವರ ಎದುರು ನಾನು ದೊಡ್ಡವರ ಎದುರು ಇರುವ ಹಾಗೆ ಇದ್ದದ್ದೇ ಇಲ್ಲ.

ಇಂಥವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಗಳು ಗಿರಿಜಾ. ಅಳಿಯ ಮಹಾಂತೇಶ ಅವರದು ನರಗುಂದದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪುಸೆಟ್ಟುಗಳ ಹೊಟ್ಟೆ ಬಗೆದು ಹೊಸ ತಂತಿ ಸುತ್ತುವ ಕೆಲಸ. ಅಳಿಯ ಚಲೋ ಮನುಷ್ಯ, ಒಂದೇ ದೋಷವೆಂದರೆ ಯಾರ ಮಾತನ್ನೂ ಮಾತಿನ ಮೇಲೆ ನಂಬುವುದಿಲ್ಲ. ಸದಾ ಕಿಸೆಯಲ್ಲಿ ಒಂದು ಟೆಸ್ಟರ್ ಇರುತ್ತದೆ. ನಮ್ಮ ಮನೆಯ ಸ್ವಿಚ್ಚಿನಲ್ಲಿ ಕರೆಂಟ್ ಇದೆ ಎಂದು ನಾನು ಹೇಳಿದರೂ ಅದನ್ನು ಚುಚ್ಚಿ ನೋಡಿ, ಆಮೇಲೆ "ಹೌದ್ರಿ ಅತ್ತಿ, ಐತಿ" ಎನ್ನುತ್ತಾರೆ. ಇದ್ದದ್ದನ್ನು ನಾನು ಆಗಲೇ ಹೇಳಿರುತ್ತೇನಲ್ಲ.

ಹೆರಿಗೆ ಗಜೇಂದ್ರಗಡದ ದವಾಖಾನೆಯಲ್ಲಿ ಆಯಿತು. ಹೆಣ್ಣುಕೂಸು, ತೂಕವೂ ಚಲೋ ಇತ್ತು. ಮೂರನೆಯ ದಿನ ಮನೆಗೆ ಕಳಿಸುವಾಗ ಮಕ್ಕಳ ಡಾಕ್ಟರು ಬಂದು ನೋಡಿದರು. ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು, ನನ್ನ ಗಿರಿಜಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. "ತಾಯಿ ಹಾಲು ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ. ಐದನೇ ದಿನ ಕೂಸಿನ ಕರಕೊಂಡು ಬರ್ರಿ, ಇನ್ನೊಮ್ಮೆ ನೋಡತೇನಿ" ಎಂದರು. ಅಳಿಯ ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು. ನಾನು ಮನಸ್ಸಿನಲ್ಲಿ ಬರೆದುಕೊಳ್ಳಲಿಲ್ಲ.

ಯಾಕೆಂದರೆ ಐದನೆಯ ದಿನ ನಮ್ಮಲ್ಲಿ ಸೆಟವಿಯ ಪೂಜೆ. ಅಂದು ಸಂಜೆ ಸೆಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ಆಕೆಗೆ ಅನುಕೂಲವಾಗಲಿ ಎಂದು ಹಾಳೆ, ಪೆನ್ನು ಇಡುತ್ತೇವೆ. ಅಳಿಯ ನರಗುಂದದಿಂದ ಹೊಸ ಪೆನ್ನು ತಂದಿದ್ದರು, ಅದನ್ನು ದೇವರ ಮುಂದೆ ಇಡುವ ಮೊದಲು ಅಂಗೈಮೇಲೆ ಗೀಚಿ ಬರೆಯುತ್ತದೆಯೋ ಇಲ್ಲವೋ ನೋಡಿದರು. ನೋಡಿದ ಮೇಲೆ ಮೆಲ್ಲಗೆ ಮಾತು ತೆಗೆದರು.

"ಅತ್ತಿ, ಡಾಕ್ಟರು ಇವತ್ತ ಬಾ ಅಂದಿದ್ರರಿ."

"ಇವತ್ತ ಹ್ಯಾಂಗ ಹೋಗೂದ್ರಿ? ಸೆಟವಿ ಬರೂ ಹೊತ್ತಿಗೆ ಕೂಸು ಮನ್ಯಾಗ ಇರದಿದ್ದರ ಆಕಿ ಯಾರ ಹಣಿ ಮ್ಯಾಲೆ ಬರದು ಹೋಗಬೇಕು? ಮುದುಕ ಆದ ನಮ್ಮ ಮಾವಗ ಬರದಾಳೇನ?"

"ಸಂಜಿ ಒಳಗ ಬರತೇವಲ್ರಿ."

"ಆಕಿ ಲಗೂ ಬಂದ್ರ?"

ಅಳಿಯ ಪೆನ್ನಿಗೆ ಟೊಪ್ಪಿಗೆ ಹಾಕಿ ದೇವರ ಮುಂದೆ ಇಟ್ಟರು. ಸೆಟವಿ ಎಷ್ಟು ಹೊತ್ತಿಗೆ ಬರುತ್ತಾಳೆಂದು ನನಗೂ ಗೊತ್ತಿರಲಿಲ್ಲ, ಆದರೆ ನಾನು ಕೇಳುವವಳ ಜಾಗದಲ್ಲಿದ್ದೆ. ಪೂಜೆಯಾಯಿತು. ಓಣಿಯ ಹೆಂಗಸರು ಬಂದು ಕೂಸನ್ನು ನೋಡಿ, "ಏನ ಬಣ್ಣ ಬಂದೈತಿ ಬಿಡವಾ, ಬಂಗಾರ ಬಂಗಾರ ಆಗೈತಿ. ನಿನ್ನ ಕೈ ಗುಣಾನ ಗುಣ" ಎಂದರು. ನಾನು, "ಹಂಗೇನಿಲ್ಲ" ಎಂದೆ. ಹಾಗೆಯೇ ಇದೆ ಎಂದು ಅವರೆಲ್ಲರಿಗೆ ತಿಳಿಯುವಂಥ ದನಿಯಲ್ಲಿ ಎಂದೆ.

ಗಿರಿಜಾ ಮಾತ್ರ ಎರಡು ಸಲ ಹೇಳಿದಳು. "ಯವ್ವಾ, ಕೂಸು ಮಲೀ ಹಿಡಿಯವಲ್ದು. ಹಿಡದರೂ ಎಲ್ಡ ಸಲ ಚೀಪಿ ನಿದ್ದಿ ಹೊಡೀತೈತಿ. ಎಬ್ಬಿಸಿದ್ರೂ ಏಳವಲ್ದು." ನಾನು ಅದಕ್ಕೂ ಮೈಯುಬ್ಬಿಸಿದೆ. ನನ್ನ ಕೈಯ ನೀರು ಬಿದ್ದ ಕೂಸುಗಳು ನಿದ್ದೆ ಮಾಡುತ್ತವೆ, ಅದಕ್ಕೇ ನಾನು ಹೆಸರುವಾಸಿ. "ಐದು ದಿನದ ಕೂಸು ನಿದ್ದಿ ಮಾಡದ ಏನ ಹೊಲಾ ಹರಗಬೇಕೇನ?" ಎಂದು ಬಾಯಿ ಮುಚ್ಚಿಸಿದೆ. ಬಾಣಂತಿಯ ಕೋಣೆಯ ಕಿಟಕಿಗೆ ಗಾಳಿ ಬರಬಾರದೆಂದು ನಾನೇ ಗೋಣಿತಟ್ಟು ಕಟ್ಟಿದ್ದೆ. ಒಳಗೆ ಒಂದು ಸಣ್ಣ ಬಲ್ಬು, ಲೋಬಾನದ ಹೊಗೆ, ಕೂಸಿನ ಮೈತುಂಬ ಅರಿಷಿಣ, ಕಣ್ಣಿಗೆ ಬೆರಳಗಲದ ಕಾಡಿಗೆ. ಅದರಲ್ಲಿ ಕೂಸು ಯಾವ ಬಣ್ಣಕ್ಕಿದೆ ಎಂದು ಸೆಟವಿಗೂ ಕಂಡಿರಲಿಕ್ಕಿಲ್ಲ.

ಆರನೆಯ ದಿನ ಬೆಳಿಗ್ಗೆ ಅಳಿಯ ನನ್ನನ್ನು ಕೇಳಲಿಲ್ಲ. ಟಂಟಂ ತಂದು ಬಾಗಿಲಿಗೆ ನಿಲ್ಲಿಸಿ, "ಗಾಡಿ ಬಂದೈತ್ರಿ ಅತ್ತಿ" ಎಂದರು. ಸರಿ, ಡಾಕ್ಟರರ ಬಾಯಿಂದಲೂ ಕೂಸು ಚಲೋ ಇದೆ ಎನ್ನಿಸಿಕೊಂಡು ಬರೋಣ ಎಂದು ನಾನೂ ಹೊರಟೆ. ಹೊರಡುವ ಮೊದಲು ಕೂಸಿಗೆ ಇನ್ನೊಂದು ಸಲ ಚೆನ್ನಾಗಿ ಎರೆದೆ. ನನ್ನ ಕೆಲಸ ನೋಡುವವರಿಗೆ ಕಾಣಬೇಕಲ್ಲ.

ಡಾಕ್ಟರು ಕೂಸಿನ ಕುಲಾಯಿ, ದುಪಟಿ, ಅದರೊಳಗಿನ ಹಳೆಯ ಸೀರೆಯ ತುಂಡು, ಅದರೊಳಗಿನ ಅಂಗಿ, ಒಂದೊಂದಾಗಿ ಬಿಚ್ಚಿದರು. ಎಲೆಕೋಸಿನ ಎಲೆ ಬಿಚ್ಚಿದ ಹಾಗೆ ಬಹಳ ಹೊತ್ತು ಬಿಚ್ಚಿದರು. ಒಳಗಿಂದ ಕೂಸು ಬಂದ ಮೇಲೆ ಕಿಟಕಿಯ ಹತ್ತಿರ ಒಯ್ದು ನಿಂತರು. ನಾನು ಹೊಗಳಿಕೆಗೆ ಕಾದು ನಿಂತೆ.

"ಕೂಸಿಗೆ ಕಾಮಣಿ ಆಗೈತ್ರಿ, ಜಾಂಡೀಸ್. ಜಾಸ್ತಿನ ಇದ್ದಂಗ ಕಾಣತೈತಿ" ಎಂದರು.

ನನಗೆ ನಗು ಬಂತು. ಕಲಿತವರು ಸಣ್ಣ ವಿಷಯದಲ್ಲಿ ಹೇಗೆ ಮೋಸಹೋಗುತ್ತಾರೆ ಎಂದು ಮರುಕವೂ ಬಂತು. "ಕಾಮಣಿ ಅಲ್ಲ ತಂಗಿ, ಅದು ಅರಿಷಿಣ. ಮುಂಜಾನೆ ನಾನ ಹಚ್ಚೇನಿ" ಎಂದೆ.

ಡಾಕ್ಟರು ಸಿಟ್ಟಾಗಲಿಲ್ಲ. ಒಂದಿಷ್ಟು ಹತ್ತಿ ಒದ್ದೆ ಮಾಡಿ ಕೂಸಿನ ಎದೆ ಒರೆಸಿದರು. ಹತ್ತಿ ಹಳದಿಯಾಯಿತು. ನಾನು ಅಳಿಯನ ಕಡೆಗೆ ತಿರುಗಿ, "ನೋಡಿದ್ರ್ಯಾ" ಎಂದೆ. ನನ್ನ ಜೀವಮಾನದಲ್ಲಿ ಒಬ್ಬ ಡಾಕ್ಟರರ ಎದುರು ಗೆದ್ದದ್ದು ಅದೊಂದೇ ಗಳಿಗೆ. ಆ ಗಳಿಗೆ ಬಹಳ ಸಣ್ಣದಿತ್ತು. ಡಾಕ್ಟರು ಇನ್ನೊಂದು ಹತ್ತಿಯಿಂದ ಕಾಡಿಗೆ ಒರೆಸಿ, ಹೆಬ್ಬೆರಳಿನಿಂದ ಕೂಸಿನ ರೆಪ್ಪೆ ಮೆಲ್ಲಗೆ ಎತ್ತಿ, "ಬರ್ರಿ ಅಮ್ಮಾ, ಇಲ್ಲಿ ನೋಡ್ರಿ" ಎಂದರು. ಬಗ್ಗಿ ನೋಡಿದೆ. ಕಣ್ಣಿನ ಬಿಳಿ ಇರಬೇಕಾದ ಜಾಗ ಹಳದಿಯಾಗಿತ್ತು.

"ಕಣ್ಣೊಳಗೂ ಅರಿಷಿಣ ಹಚ್ಚೀರೇನ್ರಿ?"

"ಕಣ್ಣಾಗ ಯಾರರ ಹಚ್ಚತಾರೇನ್ರಿ" ಎಂದೆ. ತಂಗಿ ಹೋಗಿ ರೀ ಬಂದದ್ದು ನನ್ನ ಕಿವಿಗೇ ಕೇಳಿಸಿತು. ಸೋಲಬಾರದೆಂದು, "ಕಾಡಿಗಿ ಬಣ್ಣ ಇಳದಿರಬೇಕು" ಎಂದೂ ಅಂದೆ. ಕಾಡಿಗೆ ಇಳಿದರೆ ಕಪ್ಪಾಗುತ್ತದೆ ಎಂದು ಯಾರೂ ತಿದ್ದಲಿಲ್ಲ. ಅವರು ತಿದ್ದಿದ್ದರೇ ಚಲೋ ಇತ್ತು.

ಅಲ್ಲಿಯೇ ಕೂಸಿನ ರಕ್ತ ತೆಗೆದು ತಪಾಸಣೆಗೆ ಕೊಟ್ಟರು. ವರದಿ ಬಂದ ಮೇಲೆ ಡಾಕ್ಟರು ಗಿರಿಜಾಳನ್ನೂ ಅಳಿಯನನ್ನೂ ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಹುಟ್ಟಿದ ಕೂಸುಗಳಲ್ಲಿ ಕಾಮಣಿ ಬರುವುದು ಹೊಸದೇನಲ್ಲ, ಸುಮಾರು ಕೂಸುಗಳಿಗೆ ತಾನಾಗಿಯೇ ಇಳಿಯುತ್ತದೆ. ಆದರೆ ಈ ಕೂಸಿಗೆ ಏರಿದೆ, ಹಾಲು ಕುಡಿಯದೆ ಮಂಕಾಗಿ ಮಲಗಿದೆ. ಗದಗಿಗೆ ಒಯ್ದು ಎರಡು ಮೂರು ದಿನ ಬೆಳಕಿನ ಮಶೀನಿನ ಕೆಳಗೆ ಇಡಬೇಕು, ಇವತ್ತೇ ಒಯ್ಯಬೇಕು. ಬಿಟ್ಟರೆ ಮಿದುಳಿಗೆ ಏರುತ್ತದೆ. ಜೀವ ಉಳಿದರೂ ಕಿವಿ ಹೋಗಬಹುದು, ಕೈಕಾಲು ಹಿಡಿತ ತಪ್ಪಬಹುದು. ಹೀಗೆ ಹೇಳಿ ಚೀಟಿ ಬರೆದುಕೊಟ್ಟರು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ನಾವು ಮೂವರೂ ಕೂತೆವು. ನಾನು ಸುಮ್ಮನಿರಬಹುದಿತ್ತು. "ಹಸೀ ಬಾಣಂತಿ, ಆರು ದಿನ ಆಗೈತಿ. ಗದಗಿನ ಮಟಾ ಗಾಳ್ಯಾಗ ಹ್ಯಾಂಗ ಒಯ್ಯೂದು? ನಮ್ಮ ಕಡೆ ಕಾಮಣಿಗೆ ಎಲಿ ತಪ್ಪಲದ ಔಷಧ ಕೊಡತಾರ. ಎಲ್ಡ ದಿನ ನೋಡೂಣು. ಎಳೀಬಿಸಿಲಿಗೆ ಹಿಡದ್ರೂ ಇಳೀತೈತಿ ಅಂತಾರ" ಎಂದೆ.

"ಬಿಸಲಿಗೆ ಹಿಡದ್ರ ಸಾಲಾಂಗಿಲ್ಲಂತ, ನಾ ಡಾಕ್ಟರಿಗೆ ಕೇಳಿದೆ" ಎಂದಳು ಗಿರಿಜಾ. ಅವಳ ದನಿ ಸಣ್ಣದಾಗಿತ್ತು. "ರೀ, ನೀವೇನಂತೀರಿ?"

ಅಳಿಯ ಚೀಟಿಯನ್ನು ಹಿಂದೆ ಮುಂದೆ ತಿರುವಿ ನೋಡುತ್ತಿದ್ದರು. "ಅತ್ತಿ, ನಾ ನಿಮಗ ಎದುರಾಡೂ ಮನಶ್ಯಾ ಅಲ್ಲರಿ. ಆದ್ರ ನಮ್ಮ ಅಂಗಡಿಗೆ ಬರೂ ಮಂದಿ ಹಿಂಗ ಅಂತಾರ. ಮೋಟಾರ ಬಿಸಿ ಆಗಿತ್ತರಿ, ಕೈ ಇಟ್ಟು ನೋಡಿದ್ವಿ, ಎಲ್ಡ ದಿನ ನೋಡೂಣು ಅಂದ್ವಿ ಅಂತ. ಅಷ್ಟೊತ್ತಿಗೆ ಒಳಗ ಸುಟ್ಟು ಹೋಗಿರತೈತಿ. ಮೋಟಾರ ಆದ್ರ ನಾ ಮತ್ತ ಸುತ್ತಿ ಕೊಡತೇನಿ. ಇದನ್ನ ಯಾರ ಸುತ್ತಿ ಕೊಡತಾರ್ರಿ?"

ಅವರು ಅಷ್ಟು ಉದ್ದ ಮಾತಾಡಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. ಗಿರಿಜಾ ಮಾತ್ರ ನನ್ನ ಮುಖವನ್ನೇ ನೋಡಿದಳು. "ಯವ್ವಾ, ನೀ ಹೇಳು. ಇಷ್ಟ ಕೂಸು ನಿನ್ನ ಕೈಯಾಗ ಬೆಳದಾವು. ನೀ ಬ್ಯಾಡಂದ್ರ ನಾ ಹೋಗಾಂಗಿಲ್ಲ" ಎಂದಳು. ಮೂವತ್ತು ವರ್ಷದ ಉಡಿ ತುಂಬಿಸಿಕೊಂಡ ಸುಖವೆಲ್ಲ ಒಂದೇ ಮಾತಿಗೆ ಇಳಿದು ಹೋಯಿತು. ತಮ್ಮ ಮಾತನ್ನು ಯಾರೂ ಕೇಳುವುದಿಲ್ಲ ಎಂದು ದೂರುವವರನ್ನು ನೋಡಿದರೆ ನನಗೆ ಈಗ ಹೊಟ್ಟೆಕಿಚ್ಚಾಗುತ್ತದೆ.

ಗಿರಿಜಾಳ ಬೆನ್ನಿಗೆ ನನಗೊಂದು ಗಂಡುಕೂಸು ಹುಟ್ಟಿತ್ತು. ಒಂಬತ್ತು ದಿನ ಇತ್ತು. ಭಾಳ ಶಾಂತ ಕೂಸು, ಅತ್ತದ್ದೇ ಕಡಿಮೆ. ನೋಡಲು ಬಂದವರೆಲ್ಲ ಬಂಗಾರದ ಬಣ್ಣ ಎಂದಿದ್ದರು. ಅದಕ್ಕೂ ನಾನೇ ಅರಿಷಿಣ ಹಚ್ಚುತ್ತಿದ್ದೆ. ದೃಷ್ಟಿಯಾಯಿತು ಎಂದು ಆಗ ಎಲ್ಲರೂ ಹೇಳಿದರು, ನಾನೂ ಹೇಳಿದೆ, ಇಷ್ಟು ವರ್ಷ ಹಾಗೆಯೇ ಹೇಳುತ್ತ ಬಂದಿದ್ದೇನೆ. ಆ ಬೆಂಚಿನ ಮೇಲೆ ಕೂತು ಅದರ ಕಣ್ಣು ಯಾವ ಬಣ್ಣಕ್ಕಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ನೋಡಿದ್ದರಲ್ಲವೇ ನೆನಪಾಗುವುದು.

ಇದನ್ನು ಅವರಿಬ್ಬರಿಗೆ ಹೇಳಲಿಲ್ಲ. ಹೇಳಿ ಆಗುವುದೇನಿತ್ತು? "ನಿನ್ನೆ ಸೆಟವಿ ಬರದು ಹೋದ್ಳು, ಇವತ್ತ ಡಾಕ್ಟರು ಬರದು ಕೊಟ್ರು. ಇಬ್ಬರ ಅಕ್ಷರನೂ ನನಗ ಓದಾಕ ಬರಾಂಗಿಲ್ಲ. ಡಾಕ್ಟರರದಾದ್ರ ಗದಗಿನ್ಯಾಗ ಓದವರ ಇರತಾರ. ಏಳ್ರಿ, ನಡೀರಿ" ಎಂದೆ. ಗಿರಿಜಾ ಕೂಸನ್ನು ಎತ್ತಿಕೊಂಡು ಅಷ್ಟು ಜೋರಾಗಿ ಎದ್ದು ನಿಂತಳು ಎಂದರೆ, ನನ್ನ ಒಪ್ಪಿಗೆಗಾಗಿ ಅಲ್ಲ, ನಾನು ಅಡ್ಡ ಬಿದ್ದರೆ ದಾಟಿಕೊಂಡು ಹೋಗಲೆಂದೇ ಅವಳು ಕೂತಿದ್ದಳೋ ಏನೋ ಎಂದು ಅನುಮಾನ ಬಂತು. ನನ್ನ ಮಗಳು. ಅಷ್ಟಾದರೂ ನನ್ನಿಂದ ಬಂದಿರಬೇಕು.

ಗದಗಿನ ದವಾಖಾನೆಯಲ್ಲಿ ಕೂಸಿನ ಮೈಮೇಲಿನ ಬಟ್ಟೆಯನ್ನೆಲ್ಲ ತೆಗೆದು, ಒಂದು ಲಂಗೋಟಿಯಷ್ಟೇ ಬಿಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಗಾಜಿನ ತೊಟ್ಟಿಲಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ನಾನು ನಾಲ್ಕು ಬಟ್ಟೆಯಲ್ಲಿ ಸುತ್ತಿ, ಗಾಳಿಗೂ ಕಾಣದಂತೆ ಇಟ್ಟ ಕೂಸನ್ನು ಹೋಗುವವರು ಬರುವವರು ಎಲ್ಲರೂ ನೋಡುವಂತೆ ಸಂಡಿಗೆಯ ಹಾಗೆ ಹರವಿದ್ದರು. ಒಂದು ಮಗ್ಗುಲಾದ ಮೇಲೆ ನರ್ಸು ಬಂದು ಇನ್ನೊಂದು ಮಗ್ಗುಲಿಗೆ ತಿರುವುತ್ತಿದ್ದಳು. ನಾನು ಚೀಲದಿಂದ ಎಣ್ಣೆಯ ಬಾಟಲಿ ತೆಗೆದದ್ದನ್ನು ಬಾಗಿಲಲ್ಲೇ ನೋಡಿ, "ಅಜ್ಜಿ, ಅದನ್ನ ಒಳಗ ಹಾಕ್ರಿ" ಎಂದಳು. ಹಾಕಿದೆ. ಅರ್ಧ ತಾಸಿನ ಮೇಲೆ ಇನ್ನೊಬ್ಬಳು ಬಂದು, ನಾನು ಏನೂ ತೆಗೆಯದೆ ಸುಮ್ಮನೆ ಕೂತಿದ್ದರೂ, "ಅಜ್ಜಿ, ಎಣ್ಣಿ ಗಿಣ್ಣಿ ಏನೂ ಹಚ್ಚಾಂಗಿಲ್ಲ ಮತ್ತ" ಎಂದಳು. ನನ್ನ ಕೀರ್ತಿ ಗದಗಿನವರೆಗೂ ಹಬ್ಬಿತ್ತು.

ಎರಡು ತಾಸಿಗೊಮ್ಮೆ ಗಿರಿಜಾ ಹಾಲು ಕುಡಿಸಬೇಕಿತ್ತು. ಮೊದಲ ದಿನ ಕೂಸು ಕುಡಿಯಲಿಲ್ಲ. ಅವಳು ಹಾಲು ಹಿಂಡಿ ಚಮಚೆಯಿಂದ ಹಾಕಿದಳು, ಅದರಲ್ಲಿ ಅರ್ಧ ಕುತ್ತಿಗೆಗೆ ಇಳಿಯಿತು. ಅಳಿಯ ಮಶೀನಿನ ಸುತ್ತ ತಿರುಗಿ ಬೆಳಕು ಎಲ್ಲಿಂದ ಬರುತ್ತದೆ, ತಂತಿ ಎಲ್ಲಿ ಹೋಗುತ್ತದೆ ಎಂದು ನೋಡಿ, ಕೊನೆಗೆ ಟೆಸ್ಟರ್ ಇರುವ ಕಿಸೆಗೆ ಕೈ ಹಾಕಿದಾಗ ನಾನೇ ಕರೆದು ಕೂರಿಸಿಕೊಂಡೆ. ಒಂದು ದವಾಖಾನೆಗೆ ನಮ್ಮ ಮನೆಯಿಂದ ಒಬ್ಬರು ಬೈಸಿಕೊಂಡರೆ ಸಾಕು.

ಎರಡನೆಯ ದಿನ ಮಧ್ಯಾಹ್ನ ನಾನು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಾಗ ಒಳಗಿಂದ ಒಂದು ಕೂಗು ಕೇಳಿಸಿತು. ನನಗೆ ಕೂಸುಗಳ ಅಳು ಗೊತ್ತು. ಹಸಿವಿನದು ಬೇರೆ, ಹೊಟ್ಟೆನೋವಿನದು ಬೇರೆ, ನನ್ನ ಕೈಯ ಬಿಸಿನೀರಿನದು ಬೇರೆ. ಇದು ಸ್ವಚ್ಛ ಹಸಿವಿನದು, ಅದರಲ್ಲಿ ಸಿಟ್ಟೂ ಇತ್ತು. ಗಿರಿಜಾ ಅಳುತ್ತ ನಗುತ್ತ ಹೊರಗೆ ಬಂದು, "ಯವ್ವಾ, ಕೂಸು ಅಳಾಕತ್ತೈತಿ" ಎಂದಳು. "ಅಳಾಕತ್ತಿದ್ರ ಹಾಲ ಕುಡಸು, ಇಲ್ಲಿ ಬಂದು ನನಗ ಹೇಳಿದ್ರ ನಾ ಏನ ಕುಡಸಲಿ?" ಎಂದು ಗದರಿಸಿ ಕಳಿಸಿದೆ. ಮುರಿದ ರೊಟ್ಟಿ ಕೈಯಲ್ಲೇ ಇತ್ತು. ಬಹಳ ಹೊತ್ತಿನ ಮೇಲೆ ತಿಂದೆ. ಆ ರೊಟ್ಟಿ ಚಲೋ ಆಗಿತ್ತು.

ಮೂರನೆಯ ದಿನ ರಕ್ತದಲ್ಲಿ ಕಾಮಣಿ ಇಳಿದಿದೆ ಎಂದು ಹೇಳಿದರು. ಅಳಿಯ ವರದಿಯನ್ನು ಮೂರು ಸಲ ಓದಿ, ಮೊದಲ ದಿನದ ವರದಿಯನ್ನು ಪಕ್ಕದಲ್ಲಿ ಹಿಡಿದು ನೋಡಿ, ಆಮೇಲೆ ಗಟ್ಟಿಯಾಗಿ ಉಸಿರು ಬಿಟ್ಟರು. ನಾನು ವರದಿಯ ಗೋಜಿಗೆ ಹೋಗಲಿಲ್ಲ. ಕೂಸನ್ನು ಕಿಟಕಿಯ ಹತ್ತಿರ ಒಯ್ದು ರೆಪ್ಪೆ ಎತ್ತಿ ನೋಡಿದೆ. ಪೂರ್ತಿ ಬಿಳಿಯಾಗಿರಲಿಲ್ಲ, ಆಗುವ ದಾರಿಯಲ್ಲಿತ್ತು. ಅದು ನನ್ನನ್ನು ಬೇಸರದಿಂದ ನೋಡಿತು.

ಮನೆಗೆ ಬಂದ ಮೇಲೆ ಕಿಟಕಿಯ ಗೋಣಿತಟ್ಟು ತೆಗೆದೆ. ಕಾಡಿಗೆ ಬಿಟ್ಟೆ, ಅರಿಷಿಣ ಬಿಟ್ಟೆ, ನೀರು ಉಗುರುಬೆಚ್ಚಗೆ ಮಾಡಿದೆ. ಇದರಿಂದ ನಾನು ಸಣ್ಣವಳಾದೆ ಎಂದು ತಿಳಿಯಬೇಡಿ. ಈಗ ಊರಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಕರೆಯುವ ಮೊದಲೇ ಹೋಗುತ್ತೇನೆ. ಬಾಗಿಲು ತೆಗೆಸಿ, ಕೂಸನ್ನು ಅಂಗಳದ ಬೆಳಕಿಗೆ ತಂದು, ಕಣ್ಣು ನೋಡಿ, ಹಾಲು ಎಷ್ಟು ಕುಡಿಯಿತು, ಎಷ್ಟು ಸಲ ಉಚ್ಚೆ ಹೊಯ್ದಿತು ಎಂದು ಪೊಲೀಸರ ಹಾಗೆ ಕೇಳುತ್ತೇನೆ. "ಮೈ ಬಣ್ಣ ನೋಡಿ ಮರುಳಾಗಬ್ಯಾಡ್ರಿ, ಡಾಕ್ಟರು ಯಾವ ದಿನ ಬಾ ಅಂದಾರ ಆ ದಿನ ಹೋಗ್ರಿ" ಎಂದು ಬೈಯುತ್ತೇನೆ. ನಮ್ಮ ಕೂಸಿನ ಕಾಮಣಿಯನ್ನು ಮೊದಲು ಕಂಡುಹಿಡಿದದ್ದು ಯಾರು ಎಂದು ಕೇಳಿದರೆ, ಉತ್ತರ ಅಳಿಯ ಎದುರಿಗಿದ್ದಾರೋ ಇಲ್ಲವೋ ಎಂಬುದರ ಮೇಲೆ ನಿಲ್ಲುತ್ತದೆ.

ಮೊನ್ನೆ ತಿಂಗಳು ತುಂಬಿದ ಮೇಲೆ ಕಿವಿ ತಪಾಸಣೆಗೆಂದು ಮತ್ತೆ ಗದಗಿಗೆ ಹೋಗಿದ್ದೆವು. ಇದೊಂದು ಉಳಿದಿತ್ತು. ಟಂಟಂನಲ್ಲಿ ಅಳಿಯ ದಾರಿಯುದ್ದಕ್ಕೂ ಕೂಸಿನ ಕಿವಿಯ ಹತ್ತಿರ ಚಿಟಿಕೆ ಹೊಡೆದು ನೋಡುತ್ತ ಬಂದರು. ಮಲಗಿದ ಕೂಸಿನ ಕಿವಿಯಲ್ಲಿ ಸಣ್ಣ ಬೂಚಿನಂಥದ್ದು ಇಟ್ಟು ಮಶೀನು ಹಚ್ಚಿದರು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಮಶೀನು ನೋಡುತ್ತಿದ್ದ ಹುಡುಗಿ ತಲೆಯೆತ್ತಿ, "ಎಲ್ಡೂ ಕಿವಿ ಚಲೋ ಅದಾವ್ರಿ, ಏನೂ ತೊಂದರಿ ಇಲ್ಲ" ಎಂದಳು. ಗಿರಿಜಾ ಕೂಸಿನ ಮೇಲೆ ಬಗ್ಗಿ ಮುಖ ಮುಚ್ಚಿಕೊಂಡಳು. ಅಳಿಯ ಗೋಡೆಯ ಕಡೆಗೆ ತಿರುಗಿ ಮೂಗು ಒರೆಸಿಕೊಂಡರು. ನಾನು ಮಾತ್ರ ಆ ಹುಡುಗಿಗೆ, ಕೂಸುಗಳಿಗೆ ಎರೆಯುವ ಸರಿಯಾದ ಪದ್ಧತಿ ಯಾವುದು, ಮೊದಲು ನಾನು ಹೇಗೆ ಮಾಡುತ್ತಿದ್ದೆ, ಈಗ ಹೇಗೆ ಮಾಡುತ್ತೇನೆ, ನರ್ಸುಗಳಿಗೆ ಏನು ಗೊತ್ತಿಲ್ಲ ಎಂದು ಹೇಳಲು ಶುರುಮಾಡಿದೆ. ಕೂಸು ಎಚ್ಚರಾಗಿ, ನನ್ನ ದನಿ ಬಂದ ಕಡೆಗೆ ಕತ್ತು ತಿರುಗಿಸಿ, ಮುಖ ಕಿವುಚಿ ಅಳತೊಡಗಿತು. ಪಾಪ, ಅಷ್ಟು ಚಲೋ ಕಿವಿ ಇಟ್ಟುಕೊಂಡು ಅದು ಇನ್ನೂ ನಾಲ್ಕು ತಿಂಗಳು ನಮ್ಮ ಮನೆಯಲ್ಲಿರಬೇಕು.